ಹಿಡಿದು ಬಿಡುವ ದಯೆ

ಅಮೆರಿಕದ ಆರೆಗಾನ್, ವಾಷಿಂಗ್‌ಟನ್ ಪ್ರಾಂತಗಳ ನದಿಗಳಲ್ಲಿ ಸಾಲ್ಮನ್ ಮೀನನ್ನೂ, ಕಡಲಿಗೆ ಹೋಗಿ ಮರಳುವ ಸ್ಟೀಲ್‌ಹೆಡ್ ಎಂಬ ಟ್ರೌಟ್ ಮೀನನ್ನೂ ಹಿಡಿಯುವ ಒಂದು ಕ್ರಮವುಂಟು. ಗಾಳಕ್ಕೆ ಎರೆಯಿಟ್ಟು, ದಾರಕ್ಕೆ ತುಸು ಸೀಸ ಕಟ್ಟಿ, ಹೊಳೆಗೆ ಅಡ್ಡಲಾಗಿ ಎಸೆದು, ಪ್ರವಾಹದೊಡನೆ ಸಾಗಲು ಬಿಡುವುದು. ವಿದ್ಯೆಯ ಗುಟ್ಟೆಲ್ಲ ಸೀಸದ ತೂಕದಲ್ಲಿದೆ. ಹೆಚ್ಚಾದರೆ ಗಾಳವು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವುದು; ಕಡಮೆಯಾದರೆ ಎರೆಯು ಮೀನಿನ ತಲೆಯ ಮೇಲೆ ಹಾದುಹೋಗುವುದು. ಸರಿಯಾಗಿದ್ದರೆ ಸೀಸವು ತಳವನ್ನು ಮುಟ್ಟುತ್ತ ಏಳುತ್ತ ಸಾಗುವುದು ಕೋಲು ಹಿಡಿದ ಕೈಗೆ ತಿಳಿಯುತ್ತದೆ. ಆ ಲಯವು ತಟ್ಟನೆ ನಿಂತಾಗ ಕಲ್ಲೋ ಮೀನೋ ಎಂಬುದನ್ನು ಕ್ಷಣಮಾತ್ರದಲ್ಲಿ ನಿಶ್ಚಯಿಸಬೇಕು.

ನಮ್ಮ ವಿಚಾರಕ್ಕೆ ಬೇಕಾದುದು ಆಮೇಲಿನ ಸಂಗತಿ. ಈ ಮೀನುಗಳ ಬೆನ್ನಿನಲ್ಲಿ, ಬಾಲದ ಸಮೀಪ, ಒಂದು ಸಣ್ಣ ರೆಕ್ಕೆಯಿರುತ್ತದೆ. ಸಾಕಣೆಯ ಕೊಳಗಳಲ್ಲಿ ಬೆಳೆದ ಮರಿಗಳನ್ನು ಹೊಳೆಗೆ ಬಿಡುವ ಮುನ್ನ ಸಾಮಾನ್ಯವಾಗಿ ಅದನ್ನು ಕತ್ತರಿಸುತ್ತಾರೆ. ರೆಕ್ಕೆಯಿಲ್ಲದುದನ್ನು ಕೊಂದು ಮನೆಗೊಯ್ಯಬಹುದು. ರೆಕ್ಕೆಯುಳ್ಳ ಕಾಡುಮೀನನ್ನು ಅನೇಕ ನದಿಗಳಲ್ಲಿ ಬಿಟ್ಟುಬಿಡಲೇಬೇಕು. ಮನುಷ್ಯನು ಸಾಕಿದುದು ವಧ್ಯ, ನದಿ ಹೆತ್ತುದು ಅವಧ್ಯ! ಕಾಡುಮೀನು ವಿರಳವಾದುದೇ ಇದಕ್ಕೆ ಕಾರಣ. ಅದನ್ನು ವಿರಳಗೊಳಿಸಿದವನು ಗಾಳದವನೊಬ್ಬನೇ ಅಲ್ಲ. ಕೊಲಂಬಿಯಾ ನದಿಗೆ ಕಟ್ಟಿ 1942ರಲ್ಲಿ ಮುಗಿಸಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಮೇಲೇರುವುದಕ್ಕೆ ದಾರಿಯನ್ನೇ ಇಡಲಿಲ್ಲ.

ಹೀಗೆ ಬಿಡುವುದನ್ನು ದಯೆಯೆನ್ನಬಹುದೆ? 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವಿಗೆ ಸ್ಪಂದಿಸುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಮೀನು ಆಹಾರವನ್ನು ಬಿಟ್ಟು ತುಟಿಯನ್ನು ತಳದ ಹರಳುಗಳಿಗೆ ಉಜ್ಜಿಕೊಂಡಿತು. ಮೀನಿನ ಮಿದುಳಿಗೆ ನೋವನ್ನು ಅರಿಯುವ ಶಕ್ತಿಯಿಲ್ಲವೆಂದು ವಾದಿಸುವ ಪಂಡಿತರೂ ಇದ್ದಾರೆ. ಸ್ವಿಟ್ಸರ್ಲೆಂಡಿನವರಾದರೋ ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯಕೂಡದೆಂದು 2008ರ ಪ್ರಾಣಿರಕ್ಷಣೆಯ ನಿಯಮದಲ್ಲಿ ವಿಧಿಸಿದರು. ಒಂದು ದೇಶ ಕಡ್ಡಾಯ ಮಾಡಿದುದನ್ನು ಇನ್ನೊಂದು ನಿಷೇಧಿಸಿತು. ಇದು ವಿರೋಧವಾಗಿ ಕಂಡರೂ ಅಮೆರಿಕದ ಕಟ್ಟಳೆಯ ಕಣ್ಣು ಮೀನಿನ ಕುಲದ ಮೇಲಿದೆ, ಸ್ವಿಸ್ ನಿಯಮದ ಕಣ್ಣು ಗಾಳಕ್ಕೆ ಸಿಕ್ಕಿದ ಆ ಒಂದು ಜೀವದ ಮೇಲಿದೆ.

ಕೊಂದು ತಿನ್ನುವವನಿಗಿಂತ ಕೊಲ್ಲದೆ ಬಿಡುವವನು ಮೇಲಲ್ಲವೆ ಎಂದು ಕೇಳುವವರುಂಟು. ನನಗೆ ಹಾಗೆ ತೋರದು. ಉಣ್ಣುವವನಿಗೆ ಮೀನಿನ ಒದ್ದಾಟ ಬೇಕಿಲ್ಲ. ಅದು ಇಲ್ಲದಿದ್ದರೂ ಅವನ ಊಟ ಕೆಡದು. ಬಿಡುವವನ ಸಂತೋಷಕ್ಕೆ ಒದ್ದಾಟವೇ ಆಧಾರ. ರೆಕ್ಕೆ ಕತ್ತರಿಸಿದ ಮೀನನ್ನು ಅರಸಿ ಹೋದವನು ಅಕಸ್ಮಾತ್ತಾಗಿ ಸಿಕ್ಕಿದ ಕಾಡುಮೀನನ್ನು ಬಿಟ್ಟರೆ ಅದನ್ನು ಸಂಯಮವೆನ್ನೋಣ. ಎಲ್ಲವನ್ನೂ ಬಿಡಬೇಕೆಂದು ತಿಳಿದೇ ಹೊರಟವನಿಗೆ ಆ ಮಾತೂ ಸಲ್ಲದು. ಗಾಳಗಾರರು ತೆರುವ ಪರವಾನಗಿಯ ಹಣವೂ ಆ ಹೊಳೆಗಳ ಮೀನಿನ ರಕ್ಷಣೆಗೆ ಸಲ್ಲುತ್ತದೆಂಬುದು ನಿಜ. ಇದು ಕುಲಕ್ಕೆ ಸಂದ ಉಪಕಾರ, ತುಟಿ ಹರಿದ ಮೀನಿಗೆ ಸಂದುದಲ್ಲ.

ಗಾಳದ ಮೊನೆಯನ್ನೇ ಕತ್ತರಿಸಿ ಹೊಳೆಗಿಳಿಯುವವರೂ ಅಲ್ಲಿ ಇದ್ದಾರೆ. ಮೀನು ಬಂದು ಕಚ್ಚಿತೆಂಬ ಒಂದು ಎಳೆತ ಕೈಗೆ ತಿಳಿದರೆ ಅವರಿಗೆ ಸಾಕು. ಮರುಕ್ಷಣದಲ್ಲಿ ಅದು ತಾನಾಗಿಯೇ ಬಿಟ್ಟು ಹೋಗುತ್ತದೆ. ಅಂತಹವರು ಬಹು ಸ್ವಲ್ಪ ಮಂದಿ.