ಅಲುಗದ ದೀಪದ ಎಳೆತ

ಸುಖದುಃಖಗಳಲ್ಲಿ ಸಮಚಿತ್ತನಾಗಿರು ಎಂದು ಭಗವದ್ಗೀತೆ ಅರ್ಜುನನಿಗೆ ಹೇಳುತ್ತದೆ. ಈ ಸಮತ್ವವನ್ನು ನಾವು ಏನೂ ತಟ್ಟದ, ಏನೂ ಮುಟ್ಟದ ಸ್ಥಿತಿ ಎಂದೇ ಬಗೆಯುತ್ತ ಬಂದಿದ್ದೇವೆ. ನೋವಿಗೆ ಮಿಡಿಯದವನೇ ಜ್ಞಾನಿ ಎಂಬ ಈ ಕಲ್ಪನೆ ತಪ್ಪು ಎಂಬುದು ನನ್ನ ವಾದ. ಎಳೆತಗಳೆಲ್ಲ ಇದ್ದೂ ಅವು ಸರಿದೂಗಿದಾಗ ಹುಟ್ಟುವ ಸ್ಥಿರತೆಯೇ ಸಮತ್ವ. ಇದನ್ನು ಅರಿಯಲು ಬಲದ ಬಗೆಗಿನ ಮೊದಲ ಪಾಠ ನೆರವಾಗುತ್ತದೆ: ಬಲಕ್ಕೆ ಪರಿಮಾಣವೂ ಉಂಟು, ದಿಕ್ಕೂ ಉಂಟು.

ಗರ್ಭಗುಡಿಯ ಮುಂದೆ ಎರಡು ಸರಪಳಿಗಳಲ್ಲಿ ತೂಗುಬಿಟ್ಟ ಹಿತ್ತಾಳೆಯ ದೀಪವನ್ನು ನೋಡಿ. ಎಣ್ಣೆಯೂ ಸೇರಿ ಅದು 2 ಕಿಲೋ ಇದ್ದರೆ, ಭೂಮಿ ಅದನ್ನು ಸುಮಾರು 20 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಸರಪಳಿಗಳು ನೆಟ್ಟಗೆ ಮೇಲಕ್ಕಿದ್ದರೆ ಒಂದೊಂದರ ಪಾಲಿಗೆ 10 ನ್ಯೂಟನ್. ಅವನ್ನೇ ಅಗಲಿಸಿ, ನಡುವೆ 120 ಡಿಗ್ರಿ ಕೋನ ಬರುವಂತೆ ಕಟ್ಟಿದರೆ, ಒಂದೊಂದೂ 20 ನ್ಯೂಟನ್ ಬಿಗಿತವನ್ನು ತಾಳಬೇಕು. ದೀಪದ ತೂಕ ಗುಲಗಂಜಿಯಷ್ಟೂ ಹೆಚ್ಚಿಲ್ಲ, ದಿಕ್ಕು ಬದಲಾಗಿದೆ. ಮೇಲಕ್ಕೆತ್ತುವ ಅಂಶ ಈಗಲೂ ತಲಾ 10 ನ್ಯೂಟನ್ನೇ. ಅಡ್ಡಕ್ಕೆಳೆಯುವ ಅಂಶಗಳು ಒಂದನ್ನೊಂದು ರದ್ದುಮಾಡುತ್ತವೆ. ಎರಡೂ ಸಲ ಫಲಿತ ಬಲ ಸೊನ್ನೆ, ಕಾಣುವುದು ಅದೇ ಅಲುಗದ ದೀಪ. ಸರಪಳಿ ಎಷ್ಟು ಬಿಗಿದಿದೆ ಎಂಬುದನ್ನು ಆ ಸೊನ್ನೆ ಹೇಳುವುದಿಲ್ಲ.

ಬಲಗಳು ಸರಿದೂಗಿದರೆ ಎಲ್ಲವೂ ನಿಂತೇಹೋದೀತು, ಇದು ನಿಷ್ಕ್ರಿಯತೆಯ ಉಪದೇಶವಲ್ಲವೆ ಎಂದು ಕೇಳಬಹುದು. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಕೊಟ್ಟ ಮೊದಲ ನಿಯಮ ಇದಕ್ಕೆ ಉತ್ತರ. ಫಲಿತ ಬಲ ಸೊನ್ನೆಯಾದಾಗ ನಿಂತದ್ದು ನಿಂತೇ ಇರುತ್ತದೆ. ಚಲಿಸುತ್ತಿರುವುದು ಅದೇ ವೇಗದಲ್ಲಿ, ಅದೇ ದಿಕ್ಕಿಗೆ ಸಾಗುತ್ತಲೇ ಇರುತ್ತದೆ. ಗೀತೆಯಲ್ಲೂ ಸಮತ್ವದ ಮಾತು ಬರುವುದು, ಬಿಲ್ಲನ್ನು ಕೆಳಗಿಟ್ಟವನಿಗೆ ಕರ್ಮ ಮಾಡು ಎಂದು ಹೇಳುವಾಗಲೇ.

ಸರಪಳಿಯ ನಿಯಮ ಮನಸ್ಸಿಗೆ ಹೇಗೆ ಅನ್ವಯಿಸೀತು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಶೋಕವನ್ನು ನ್ಯೂಟನ್‌ಗಳಲ್ಲಿ ಅಳೆಯಲಾಗದು, ನಿಜ. ಭೌತಶಾಸ್ತ್ರದಿಂದ ಧರ್ಮವನ್ನು ಸಾಧಿಸಿ ತೋರಿಸಲೂ ಆಗದು. ಆದರೆ ‘ಅಲುಗಾಟವಿಲ್ಲ, ಆದ್ದರಿಂದ ಒಳಗೆ ಏನೂ ಇಲ್ಲ’ ಎಂಬ ತರ್ಕ ಒಂದು ದೀಪದ ವಿಷಯದಲ್ಲೇ ಸೋತಿದೆ. ಅದನ್ನೇ ಮನುಷ್ಯರಿಗೆ ಹಚ್ಚುವುದು ಅನ್ಯಾಯ. ದುಃಖದಲ್ಲೂ ಸ್ಥಿರವಾಗಿ ನಿಂತವರನ್ನು ಕಲ್ಲುಮನಸ್ಸಿನವರು ಎನ್ನುವ ಮುನ್ನ, ಅವರಿಗೆ ಭಾರವೇ ಇಲ್ಲವೆಂದು ಬಗೆದು ಮತ್ತಷ್ಟು ಹೊರಿಸುವ ಮುನ್ನ, ಆ ಬಿಗಿತವನ್ನು ನೆನೆಯಬೇಕು. ಅವರ ಭಾರವನ್ನು ನಾವು ಇಳಿಸಲಾರೆವು, ಹತ್ತಿರ ಸರಿಯಬಲ್ಲೆವು. ಸರಪಳಿಗಳು ಒಂದಕ್ಕೊಂದು ಹತ್ತಿರವಾದಷ್ಟೂ, ತೂಕ ಅಷ್ಟೇ ಇದ್ದರೂ, ಬಿಗಿತ ಇಳಿಯುತ್ತದೆ.