ಇಲ್ಲವೆಂಬ ಅರಿವಿಗೆ ಪ್ರಮಾಣ ಯಾವುದು: ಕಡಿದ ಅಂತರ್ಜಾಲ ಮತ್ತು ಅನುಪಲಬ್ಧಿ

ಒಂದು ವಸ್ತು ಇದೆ ಎಂದು ತಿಳಿಯಲು ಕಣ್ಣು ಸಾಕು. ಅದು ಇಲ್ಲ ಎಂದು ತಿಳಿಯುವುದು ಯಾವುದರಿಂದ? ಇಲ್ಲದ್ದು ಕಣ್ಣಿಗೆ ತಾಕುವಂತಿಲ್ಲ, ಕೈಗೂ ಸಿಗುವಂತಿಲ್ಲ. ಭಾರತೀಯ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ಈ ಪ್ರಶ್ನೆ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರುಗಳಲ್ಲಿ ಈಗ ಬೇರೆ ವೇಷದಲ್ಲಿ ಎದುರಾಗುತ್ತದೆ. ಪಹಣಿ ತೆಗೆಸಲು, ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು, ಅಂಗಡಿಯಲ್ಲಿ ಕ್ಯೂಆರ್ ಕೋಡ್‌ಗೆ ಹಣ ಹಾಕಲು ಅಂತರ್ಜಾಲ ಬೇಕು. ಅದು ನಿಂತಾಗ ಹೊರಡುವ ‘ನೆಟ್ ಇಲ್ಲ’ ಎಂಬ ಮಾತು ಒಂದು ತೀರ್ಪು. ತೀರ್ಪೆಂದ ಮೇಲೆ ಅದಕ್ಕೆ ಆಧಾರ ಬೇಕು.

ಆಧಾರ ಯಾವುದೆಂಬುದರಲ್ಲಿ ದರ್ಶನಗಳಿಗೆ ಒಮ್ಮತವಿಲ್ಲ. ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಪಂಥದವರೂ ಅವರ ಜಾಡಿನಲ್ಲಿ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣಸಿಗದಿರುವಿಕೆಯನ್ನು, ಆರನೆಯ ಪ್ರಮಾಣವಾಗಿ ಒಪ್ಪಿದರು. ನೈಯಾಯಿಕರಿಗೆ ಅದು ಬೇಡವಾಯಿತು. ನೆಲ ಕಂಡಾಗ ಅಲ್ಲಿ ಗಡಿಗೆಯಿಲ್ಲದಿರುವುದೂ ನೆಲದ ವಿಶೇಷಣವಾಗಿ ಕಣ್ಣಿಗೇ ತೋರುತ್ತದೆ ಎಂದು ಅವರ ವಾದ. ಪ್ರಭಾಕರನ ಕಡೆಯವರು ಅಭಾವವೆಂಬ ಬೇರೆ ಪದಾರ್ಥವನ್ನೇ ಒಪ್ಪದೆ, ಇರುವುದು ಬರಿಯ ನೆಲ ಮಾತ್ರ ಎಂದರು. ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಪ್ರಕಾರ ಕಾಣದಿರುವುದು ಅನುಮಾನಕ್ಕೆ ಒಂದು ಹೇತು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣಗಳನ್ನು ಹೇಳುವ ಮಾಧ್ವರು ಅಭಾವದ ಅರಿವನ್ನು ಈ ಮೂರರೊಳಗೇ ಸೇರಿಸಿದರು.

ಇಷ್ಟು ಭೇದವಿದ್ದರೂ ಒಂದು ಷರತ್ತು ಈ ಚರ್ಚೆಯ ಉದ್ದಕ್ಕೂ ಉಳಿದು ಬಂದಿದೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆ ಇಲ್ಲ ಎನ್ನುವಂತಿಲ್ಲ. ಪಿಶಾಚಿ ಕಾಣಲಿಲ್ಲ ಎಂಬುದರಿಂದಲೂ ಏನೂ ಸಾಬೀತಾಗದು, ಏಕೆಂದರೆ ಅದು ಇದ್ದರೂ ಕಾಣದ ಜಾತಿ. ಬೆಳಕಿರಬೇಕು, ಕಣ್ಣು ಸರಿಯಿರಬೇಕು, ಹುಡುಕುವ ವಸ್ತು ಇದ್ದಿದ್ದರೆ ಕಂಡೇ ಕಾಣುವಂಥದ್ದಾಗಿರಬೇಕು. ಹಾಗಿದ್ದೂ ಕಾಣದಿದ್ದರೆ ಅದು ಯೋಗ್ಯಾನುಪಲಬ್ಧಿ. ಕಡಿದ ಸಂಪರ್ಕದ ದೋಷ ಹುಡುಕುವ ಕೆಲಸವೆಲ್ಲ ಈ ಯೋಗ್ಯತೆಯನ್ನು ಹಂತ ಹಂತವಾಗಿ ಖಚಿತಪಡಿಸಿಕೊಳ್ಳುವ ಕೆಲಸ.

ಮೊದಲ ಹಂತದಲ್ಲಿ ದೋಷದ ವ್ಯಾಪ್ತಿ ಗೊತ್ತಾಗಬೇಕು. ಒಂದು ಜಾಲತಾಣ ತೆರೆಯದಿದ್ದರೆ ಆ ತಾಣವೇ ಕೆಟ್ಟಿರಬಹುದು; ಮತ್ತೆರಡು ತಾಣಗಳನ್ನು ನೋಡಬೇಕು. ಒಂದು ಕಂಪ್ಯೂಟರಿನಲ್ಲಿ ಬಾರದಿದ್ದರೆ ಅದೇ ವೈಫೈಗೆ ಮೊಬೈಲನ್ನು ಸೇರಿಸಿ, ಅದರ ಮೊಬೈಲ್ ಡೇಟಾ ಆರಿಸಿ ನೋಡಬೇಕು. ಡೇಟಾ ಆರಿಸದೆ ನೋಡಿದರೆ ಪರೀಕ್ಷೆಗೇ ಅರ್ಥವಿಲ್ಲ. ವೈಫೈ ಸತ್ತಿದ್ದರೂ ಸಿಮ್ಮಿನ ನೆಟ್‌ನಿಂದ ಪುಟ ತೆರೆದೀತು.

ಎರಡನೆಯದು ಗೋಡೆಯ ಮೇಲಿನ ಪೆಟ್ಟಿಗೆ. ಫೈಬರ್ ಸಂಪರ್ಕವಿರುವಲ್ಲಿ ಒಎನ್‌ಟಿ ಎಂಬ ಈ ಪೆಟ್ಟಿಗೆಯ ಮುಖದಲ್ಲಿ ಪವರ್, ಪಾನ್, ಲಾಸ್, ಲ್ಯಾನ್ ಎಂಬ ಪುಟ್ಟ ದೀಪಗಳ ಸಾಲಿರುತ್ತದೆ. ಪಾನ್ ದೀಪ ಹಸಿರಾಗಿ ಮಿಣುಕದೆ ನಿಂತಿದ್ದರೆ ಹೊರಗಿನ ಜಾಲದೊಡನೆ ಮಾತು ಕುದುರಿದೆ ಎಂದು ತಿಳಿಯಬೇಕು. ಲಾಸ್ ದೀಪ ಕೆಂಪಾಗಿ ಉರಿದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ. ಇಲ್ಲಿ ಕಣ್ಣು ನೋಡುವುದು ಉರಿಯುವ ಕೆಂಪನ್ನು. ಬೆಳಕಿನ ಅಭಾವವನ್ನು ಅದರಿಂದ ಊಹಿಸಲಾಗುತ್ತದೆ. ಧರ್ಮಕೀರ್ತಿಯ ಪಕ್ಷಕ್ಕೆ ಇದು ಅನುಕೂಲವಾದ ಉದಾಹರಣೆ. ಆದರೆ ಲಾಸ್ ದೀಪ ಉರಿಯುತ್ತಿಲ್ಲ ಎಂದ ಮಾತ್ರಕ್ಕೆ ಫೈಬರ್ ಸರಿಯಿದೆ ಎನ್ನಲಾಗದು. ಕರೆಂಟ್ ಹೋಗಿದ್ದರೂ ಅಡಾಪ್ಟರ್ ಸುಟ್ಟಿದ್ದರೂ ಅದು ಉರಿಯುವುದಿಲ್ಲ. ಪವರ್ ದೀಪ ಉರಿಯುತ್ತಿರುವಾಗ ಮಾತ್ರ ಲಾಸ್ ದೀಪದ ಮೌನಕ್ಕೆ ಬೆಲೆ. ಕೆಂಪು ಕಂಡಾಗ ಮಾಡಬಹುದಾದದ್ದು ಸ್ವಲ್ಪ: ಫೈಬರ್ ಎಲ್ಲಾದರೂ ಚೂಪಾಗಿ ಮಡಚಿದೆಯೇ, ಇಲಿ ಅಳಿಲು ಕಡಿದಿವೆಯೇ, ಪೆಟ್ಟಿಗೆಯ ಕನೆಕ್ಟರ್ ಸಡಿಲವಾಗಿದೆಯೇ ಎಂದು ನೋಡುವುದು. ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿಯಬಾರದು. ಅದರಲ್ಲಿ ಬರುವ ಲೇಸರ್ ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣ. ಕಾಣದ್ದೆಲ್ಲ ಇಲ್ಲವಲ್ಲ ಎಂಬ ತತ್ತ್ವ ಇಲ್ಲಿ ಕಣ್ಣಿನ ಸುರಕ್ಷೆಯ ನಿಯಮವೂ ಹೌದು.

ಮೂರನೆಯ ಹಂತಕ್ಕೆ ತರ್ಕದ ಅನ್ವಯ-ವ್ಯತಿರೇಕ ಕ್ರಮ ಒದಗುತ್ತದೆ: ಇದ್ದಾಗ ಇರುವುದು, ಇಲ್ಲದಾಗ ಇಲ್ಲದಿರುವುದು. ಕೇಬಲ್ ಬದಲಿಸಿದಾಗ ನೆಟ್ ಬಂದು, ಹಳೆಯದನ್ನೇ ಮತ್ತೆ ಹಾಕಿದಾಗ ಹೋದರೆ ದೋಷ ಆ ಕೇಬಲಿನದು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಪೆಟ್ಟಿಗೆ, ಕೇಬಲ್, ಕಂಪ್ಯೂಟರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ನೆಟ್ ಬರಬಹುದು; ಕಾರಣ ಮಾತ್ರ ತಿಳಿಯದೆ ಉಳಿಯುತ್ತದೆ. ಫಲ ಸಿಗುವುದೂ ಜ್ಞಾನ ಸಿಗುವುದೂ ಎರಡು ಬೇರೆ ಸಂಗತಿಗಳು.

ನಾಲ್ಕನೆಯದು ವಿಳಾಸದ ಪರೀಕ್ಷೆ. ಕಂಪ್ಯೂಟರಿನ ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ. ವಿಳಾಸ ಸರಿಯಿದ್ದರೆ ‘ಪಿಂಗ್’ ಆಜ್ಞೆಯಿಂದ ಮೊದಲು ರೂಟರನ್ನು, ಅನೇಕ ಕಡೆ ಅದು 192.168.1.1, ಬಳಿಕ ಹೊರಗಿನ ಜಾಲದ 8.8.8.8 ಎಂಬ ವಿಳಾಸವನ್ನು, ಕೊನೆಗೆ ಒಂದು ತಾಣದ ಹೆಸರನ್ನು ಕರೆದು ನೋಡಬೇಕು. ಅಂಕಿಯ ವಿಳಾಸ ಉತ್ತರಿಸಿ, ಹೆಸರಿಗೆ ವಿಳಾಸವೇ ಸಿಗದಿದ್ದರೆ ತೊಡಕು ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲಿದೆ. 1983ರಲ್ಲಿ ಮೈಕ್ ಮೂಸ್ ಬರೆದ ಪಿಂಗ್ ಎಂಬ ಈ ಪುಟ್ಟ ಪ್ರೋಗ್ರಾಮಿಗೂ ಯೋಗ್ಯತೆಯ ಷರತ್ತು ತಪ್ಪಿದ್ದಲ್ಲ. ಕೆಲವು ಸರ್ವರ್‌ಗಳನ್ನು ಪಿಂಗ್‌ಗೆ ಉತ್ತರ ಕೊಡದಂತೆ ಇಟ್ಟಿರುತ್ತಾರೆ. ಅವುಗಳ ಮೌನ ಅವುಗಳ ಅಭಾವವಲ್ಲ.

ದೋಷ ಎಲ್ಲಿದೆಯೆಂದು ಗೊತ್ತಾದ ಮೇಲೆ ಅದು ಎಂಥ ಅಭಾವವೆಂದು ಕೇಳಬೇಕು. ಅನ್ನಂಭಟ್ಟನ ತರ್ಕಸಂಗ್ರಹ ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಹೊಸ ಸಂಪರ್ಕ ಇನ್ನೂ ಚಾಲೂ ಆಗದಿರುವುದು ಪ್ರಾಗಭಾವ, ಕಾದರೆ ಕೊನೆಯಾಗುತ್ತದೆ. ಇದ್ದ ಕೇಬಲ್ ತುಂಡಾಗುವುದು ಪ್ರಧ್ವಂಸಾಭಾವ. ಶಾಸ್ತ್ರದ ಪ್ರಕಾರ ಇದಕ್ಕೆ ಮೊದಲುಂಟು, ಕೊನೆಯಿಲ್ಲ. ಬೆಸುಗೆ ಹಾಕಿದ ಮೇಲೆ ಬರುವುದು ಹೊಸ ಜೋಡಣೆ, ಹಳೆಯ ಅಖಂಡ ಎಳೆ ಮರಳುವುದಿಲ್ಲ. ಬೆಸುಗೆಯ ಜಾಗದಲ್ಲಿ ಬೆಳಕು ತುಸು ಸೋರುವುದು ಇದಕ್ಕೆ ಸಾಕ್ಷಿ. ಬಂಡೀಪುರದ ಕಾಡಿನೊಳಗೆ ಗೋಪುರದ ಅಲೆ ಎಂದೂ ಮುಟ್ಟದ ತಗ್ಗುಗಳಲ್ಲಿ ಸಿಗ್ನಲ್ ಇಲ್ಲದಿರುವುದನ್ನು ಅತ್ಯಂತಾಭಾವ ಎನ್ನಬಹುದು. ಅಲ್ಲಿ ಫೋನನ್ನು ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ‘ವೈಫೈ ಕನೆಕ್ಟ್ ಆಗಿದೆ, ಆದರೂ ನೆಟ್ ಇಲ್ಲ’ ಎಂಬ ಗೊಂದಲ ಅನ್ಯೋನ್ಯಾಭಾವವನ್ನು ಮರೆತದ್ದರಿಂದ ಹುಟ್ಟುತ್ತದೆ. ವೈಫೈ ಅಂತರ್ಜಾಲವಲ್ಲ, ಅಂತರ್ಜಾಲ ವೈಫೈ ಅಲ್ಲ. ಮೊದಲನೆಯದು ಪೆಟ್ಟಿಗೆಯವರೆಗಿನ ದಾರಿ ಮಾತ್ರ.

ಮನೆಯ ಹೊಸ್ತಿಲಾಚೆ ಸ್ವಂತ ಪರೀಕ್ಷೆ ನಡೆಯದು. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದು ಕಂಬದ ಮೇಲಿನ ಕೇಬಲ್ ಹರಿಯಬಹುದು, ರಸ್ತೆ ಅಗೆತಕ್ಕೆ ನೆಲದೊಳಗಿನದು ತುಂಡಾಗಬಹುದು. ಇಲ್ಲಿಂದ ಮುಂದೆ ಶಬ್ದಪ್ರಮಾಣವೇ, ಎಂದರೆ ಆಪ್ತನ ಮಾತೇ, ಗತಿ. ನ್ಯಾಯಶಾಸ್ತ್ರದ ಆಪ್ತ ವಿಷಯವನ್ನು ಬಲ್ಲವನೂ ಬಲ್ಲದ್ದನ್ನು ಇದ್ದಂತೆ ಹೇಳುವವನೂ ಆಗಿರಬೇಕು. ಅದೇ ಲೈನಿನ ನೆರೆಮನೆಯಲ್ಲೂ ನೆಟ್ ಇಲ್ಲವೆಂಬ ಮಾತು, ಸೇವಾ ಕೇಂದ್ರ ಕೊಡುವ ದೂರು ಸಂಖ್ಯೆ, ಲೈನ್‌ಮ್ಯಾನ್ ಕಂಬದ ಬಳಿ ಅಳೆದು ಹೇಳುವ ಬೆಳಕಿನ ಮಟ್ಟ ಈ ಲಕ್ಷಣಕ್ಕೆ ಹೊಂದುತ್ತವೆ. ‘ಸರ್ವರ್ ಡೌನ್’ ಎಂದು ಏನನ್ನೂ ನೋಡದೆ ಆಡುವ ಮಾತು ಹೊಂದುವುದಿಲ್ಲ.

ಹೀಗೆ ಒಂದೇ ತೀರ್ಪಿನ ಹಿಂದೆ ಹಲವು ಪ್ರಮಾಣಗಳು ಕೂಡುತ್ತವೆ: ದೀಪ ನೋಡುವುದು ಪ್ರತ್ಯಕ್ಷ, ಕೆಂಪಿನಿಂದ ಕಾರಣಕ್ಕೆ ಹೋಗುವುದು ಅನುಮಾನ, ಲೈನ್‌ಮ್ಯಾನ್ ಮಾತು ಶಬ್ದ. ಅನುಪಲಬ್ಧಿ ಇವುಗಳಿಂದ ಬೇರೆಯೋ ಇವುಗಳೊಳಗೇ ಸೇರಿದ್ದೋ ಎಂಬ ವಾದ ಬಗೆಹರಿಯದಿದ್ದರೂ, ಇದ್ದಿದ್ದರೆ ಕಾಣಲೇಬೇಕಾದ ರೀತಿಯಲ್ಲಿ ಹುಡುಕಿದವರಿಗೆ ಮಾತ್ರ ‘ಇಲ್ಲ’ ಎನ್ನುವ ಅಧಿಕಾರ.