ಶ್ಲೇಷೆಯೂ ಶ್ರದ್ಧೆಯೂ

ಹಳೆಯ ಇಗರ್ಜಿಯೊಂದನ್ನು ಕೊಂಡು ಧ್ವನಿಮುದ್ರಣಶಾಲೆಯಾಗಿಸಿಕೊಂಡು, 2007ರಲ್ಲಿ ‘ನಿಯಾನ್ ಬೈಬಲ್’ ಗೀತಸಂಪುಟವನ್ನು ಹೊರತಂದ ಮಾಂಟ್ರಿಯಲ್ ನಗರದ ಆರ್ಕೇಡ್ ಫೈರ್ ಎಂಬ ರಾಕ್ ಮೇಳದ ಗಾಂಭೀರ್ಯಕ್ಕೆ ತಲೆದೂಗಿದ್ದ ರಸಿಕರಲ್ಲೇ ಅನೇಕರು, 2017ರ ‘ಎವೆರಿಥಿಂಗ್ ನೌ’ ಸಂಪುಟದ ಸಾಹಿತ್ಯವನ್ನು ಕೇಳಿ ಮುಖ ಸಿಂಡರಿಸಿದರು. ಸರಕೆಂದೂ ಸಂತೃಪ್ತಿಯೆಂದೂ ಅರ್ಥಕೊಡುವ ‘ಕಂಟೆಂಟ್’ ಎಂಬ ಪದದ ಶ್ಲೇಷೆಯನ್ನು ಅದರ ಹಾಡೊಂದು ಮತ್ತೆ ಮತ್ತೆ ತಿರುವುತ್ತದೆ. ಮೊದಲ ಸಲಕ್ಕೇ ತಿಳಿದ ಚಮತ್ಕಾರವನ್ನು ಹತ್ತನೆಯ ಸಲವೂ ಪಕ್ಕೆ ತಿವಿದು ತೋರಿಸುವಂತೆ.

ಟೊಳ್ಳುತನವನ್ನು ಹಂಗಿಸಲೆಂದೇ ಟೊಳ್ಳುಮಾತನ್ನು ಬಳಸಿದ್ದಾರೆಂದು ಒಂದು ಪಕ್ಷ. ಉದ್ದೇಶವು ಉಕ್ತಿದೋಷವನ್ನು ತೊಳೆಯಲಾರದೆಂದು ಇನ್ನೊಂದು. ನಾನು ಎರಡನೆಯ ಪಕ್ಷದವನು. ಆದರೆ ನಾಮಜಪದಲ್ಲಿ ಸಹಸ್ರಾವೃತ್ತಿಯಾದರೂ ಸವೆಯದ ಪದವು ಇಲ್ಲಿ ನಾಲ್ಕೇ ನಿಮಿಷಗಳೊಳಗೆ ಸವೆದುದೇಕೆ? ಜಪಿಸುವವನು ಕೇಳುಗನ ಮೆಚ್ಚುಗೆಯನ್ನು ಕಾಯುವುದಿಲ್ಲವೆಂಬುದೇ ಕಾರಣವಿರಬಹುದೇನೋ. ಆ ಹಾಡು ಸಂಪುಟದಲ್ಲಿ ಎರಡು ಬಾರಿ ಬರುತ್ತದೆ, ಮೊದಲು ಅಬ್ಬರದಿಂದ, ಬೆನ್ನಿಗೇ ವಿಳಂಬದಲ್ಲಿ. ವಿಳಂಬದಲ್ಲಿ ಕೇಳುವಾಗ ನನ್ನ ತೀರ್ಪು ಕೊಂಚ ಸಡಿಲವಾಗುವುದನ್ನು ಮುಚ್ಚಿಡಲಾರೆನು.